ಬೀದಿಗೊಂದು ಕೋವಿ

ಬೆಂಗಳೂರಿನಲ್ಲಿ ಕೋವಿ ಲೈಸೆನ್ಸ್ ಮಾಡಿಸುವುದು ಹೇಗೆ ಎಂದು ಕೇಳಿಕೊಂಡು ನನಗೆ ಈಗಲೂ ಫೋನ್ ಬರುತ್ತವೆ. ಎಷ್ಟು ಖರ್ಚಾಯಿತು, ಯಾರ ಶಿಫಾರಸು ಇತ್ತು, ಇಷ್ಟೇ ಕೇಳುತ್ತಾರೆ. ಯಾಕೆ ಬೇಕಾಯಿತು ಅಂತ ಕೇಳುವವರು ಕಡಿಮೆ. ನಾನು ಹೊರಟಿದ್ದು ಬೀದಿಯವರನ್ನು ಕಾಯಲಿಕ್ಕೆ. ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಆ ಬೀದಿ ಯಾವ ಕಾಗದದಲ್ಲೂ ಉಳಿದಿರಲಿಲ್ಲ.

ನಮ್ಮದು ಕೆಂಗೇರಿಯ ಆಚೆಗಿನ ಒಂದು ಖಾಸಗಿ ಬಡಾವಣೆ. ಎಲ್ಲಾ ಮೂವತ್ತು-ನಲವತ್ತರ ಸೈಟುಗಳು. ಅರ್ಧದಲ್ಲಿ ಮನೆ, ಅರ್ಧದಲ್ಲಿ ಪಾರ್ಥೇನಿಯಂ ಗಿಡ. 2023ರ ಅಕ್ಟೋಬರಿನಲ್ಲಿ ಮೆಟ್ರೋ ಚಲ್ಲಘಟ್ಟದವರೆಗೆ ಬಂದ ಮೇಲೆ ಬಾಡಿಗೆಯೂ ಏರಿತು, ಗುರುತಿಲ್ಲದವರ ಓಡಾಟವೂ ಜಾಸ್ತಿಯಾಯಿತು. ಮರುವರ್ಷ ದಸರಾ ರಜೆಗೆ ಎಲ್ಲರೂ ಊರಿಗೆ ಹೋಗಿದ್ದಾಗ ಬೀಗ ಹಾಕಿದ್ದ ಮನೆಗಳಿಗೆ ಕಳ್ಳರು ನುಗ್ಗಿದರು. ಅದಾದ ಸ್ವಲ್ಪ ದಿನಕ್ಕೆ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದ ಎದುರು ಮನೆ ಅಜ್ಜಿಯ ಸರವನ್ನು ಬೈಕಿನಲ್ಲಿ ಬಂದವರು ಕಿತ್ತುಕೊಂಡು ಹೋದರು. ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮನೆಗಳ್ಳತನಕ್ಕೆ ಬೇಜಾರು ಮಾಡಿಕೊಂಡಿದ್ದ ಬೀದಿ ಇದಕ್ಕೆ ಕೆರಳಿತು.

ರಾಜ್ಯೋತ್ಸವಕ್ಕೆ ಹಾಕಿದ್ದ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಅದರ ಕೆಳಗೇ ಸಭೆ ಸೇರಿತು. ಸಿಸಿಟಿವಿ ಅಂದರು, ಗೇಟ್ ಅಂದರು, ವಾಚ್‌ಮನ್ ಅಂದರು. ದುಡ್ಡಿನ ಮಾತು ಬಂದ ಕೂಡಲೇ ಪ್ರತಿಯೊಂದೂ ಬಿದ್ದುಹೋಯಿತು. ಆಗ ಮೂಲೆ ಮನೆಯ ಹುಡುಗನೊಬ್ಬ, "ಸಬ್‌ ಇನ್‌ಸ್ಪೆಕ್ಟರ್ ಬರೋ ಹೊತ್ತಿಗೆ ಕಳ್ಳ ರಾಮನಗರ ದಾಟಿರ್ತಾನೆ. ನಾವೇ ಏನಾದ್ರೂ ಇಟ್ಕೋಬೇಕು" ಎಂದ. ಎಲ್ಲರ ಕಣ್ಣು ಮೊದಲು ಹೋಗಿದ್ದು ಕೊಡಗಿನ ನಿವೃತ್ತ ಸುಬೇದಾರ್ ಅಂಕಲ್ ಕಡೆಗೆ. "ಅಂಕಲ್, ಕೊಡವರಿಗೆ ಲೈಸೆನ್ಸೇ ಬೇಡವಂತಲ್ಲ, ನಿಮ್ಮ ಮನೆ ಕೋವಿ ತನ್ನಿ."

ಅಂಕಲ್ ನಕ್ಕರು. ಆ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದ್ದು. ಕೊಡವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಇಷ್ಟನ್ನೂ ಅವರು ಕುಳಿತಲ್ಲೇ ಹೇಳಿದರು. ಆಮೇಲೆ, "ಅದು ನಮ್ಮ ಮನೆತನದ ಕೋವಿ. ಕೈಲ್ ಪೊಳ್ದ್ ಹಬ್ಬಕ್ಕೆ ಹೂವಿಟ್ಟು ಪೂಜೆ ಮಾಡ್ತೇವೆ. ನಿಮ್ಮ ಬೀದಿ ಕಾವಲಿಗೆ ಸರ್ಕಾರ ಕೊಟ್ಟಿದ್ದಲ್ಲ" ಎಂದು ಮಾತು ಮುಗಿಸಿದರು.

ಆಗ ಯಾರೋ ನನ್ನ ಕಡೆ ತಿರುಗಿದರು. "ಸಾರ್, ನಿಮ್ಮ ತಂದೆಯವರ ಹತ್ರ ಎರಡು ಕೋವಿ ಇವೆ ಅಂದಿದ್ರಲ್ಲ?"

ಇದ್ದವು. ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕಿನ ನಮ್ಮ ಅಡಿಕೆ ತೋಟಕ್ಕೆ ಬೆಳೆ ರಕ್ಷಣೆಗೆ ಅಂತ ಅಪ್ಪಯ್ಯ ಯಾವುದೋ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದರು. ಒಂದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೇಪಿನ ಕೋವಿ, ಇನ್ನೊಂದು ತೋಟಾ, ಅಂದರೆ ಕಾಟ್ರಿಜ್ ಹಾಕುವ ಜೋಡಿ ನಳಿಗೆಯ ಹನ್ನೆರಡು ಬೋರಿನ ಕೋವಿ. ಅಪ್ಪಯ್ಯನಿಗೆ ಎಪ್ಪತ್ತು ದಾಟಿ ಎಷ್ಟೋ ವರ್ಷವಾಗಿತ್ತು. ತೋಟ ನೋಡಿಕೊಳ್ಳುವ ತಮ್ಮನಿಗೆ ಒಂದು ಸಾಕಾಗಿತ್ತು. ನಾನು "ನೋಡೋಣ" ಅಂದೆ. ಸಭೆ ಅದನ್ನು "ಆಯ್ತು" ಅಂತ ಬರೆದುಕೊಂಡಿತು.

ಕಾಗದಪತ್ರ ಶುರುವಾಗುವ ಮೊದಲೇ ಬೀದಿಯಲ್ಲಿ ಗಸ್ತು ಶುರುವಾಯಿತು. ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ, ಸರದಿ ಪ್ರಕಾರ. ಕೈಯಲ್ಲಿ ಟಾರ್ಚು, ಬಿದಿರು ದೊಣ್ಣೆ, ಮಕ್ಕಳ ಕ್ರಿಕೆಟ್ ಬ್ಯಾಟು. ಒಬ್ಬರು ತೆಂಗಿನಕಾಯಿ ಕೆತ್ತುವ ಮಚ್ಚು ತಂದರು. ಮೊದಲ ವಾರ ಹಬ್ಬದ ಹುಮ್ಮಸ್ಸು. ಫ್ಲಾಸ್ಕಿನಲ್ಲಿ ಚಹಾ ಬರುತ್ತಿತ್ತು, ಒಬ್ಬರ ಮನೆಯಿಂದ ಚಕ್ಕುಲಿಯೂ ಬಂತು.

ಒಂದು ಬೆಳಗಿನ ಜಾವ ಹಾಲಿನ ವ್ಯಾನಿನ ಹುಡುಗ ಕ್ರೇಟ್ ಇಳಿಸಿ, ಪಕ್ಕದ ಕಾಂಪೌಂಡಿನ ಹತ್ತಿರ ಉಚ್ಚೆ ಹೊಯ್ಯಲು ನಿಂತಿದ್ದ. ಹೊಸ ಹುಡುಗ, ಕನ್ನಡ ಬರುತ್ತಿರಲಿಲ್ಲ. ಗಸ್ತಿನವರು ಟಾರ್ಚ್ ಬಿಟ್ಟರು, ಅವನು ಹೆದರಿ ಓಡಿದ. ಓಡಿದ ಅನ್ನುವುದೇ ಸಾಕಾಯಿತು. ಹಿಡಿದು, ಕೆಳಗೆ ಕೂರಿಸಿ, ಎರಡು ಏಟು ಬಿದ್ದೂ ಆಗಿತ್ತು. ವ್ಯಾನಿನ ಡ್ರೈವರ್ ಕೂಗಿಕೊಂಡು ಬರದಿದ್ದರೆ ಇನ್ನೂ ಬೀಳುತ್ತಿದ್ದವು. ಮಚ್ಚು ಹಿಡಿದಿದ್ದವರು ಬ್ಯಾಂಕಿನಲ್ಲಿ ಮ್ಯಾನೇಜರ್. ಎದುರಿಗೆ ಬಂದ ನಾಯಿಗೂ ಹಚಾ ಅನ್ನದ ಮನುಷ್ಯ.

2018ರ ಮೇ ತಿಂಗಳಿನಲ್ಲಿ ಚಾಮರಾಜಪೇಟೆಯಲ್ಲಿ ಆಗಿದ್ದು ಎಷ್ಟು ಜನರಿಗೆ ನೆನಪಿದೆಯೋ. ಮಕ್ಕಳ ಕಳ್ಳ ಎಂಬ ವಾಟ್ಸಾಪ್ ಸುಳ್ಳನ್ನು ನಂಬಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನನ್ನು ಜನ ಕೈಕಾಲು ಕಟ್ಟಿ ಹೊಡೆದು ಕೊಂದರು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನ ಗತಿಯೂ ಅದೇ ಆಯಿತು. ಹೊಡೆದವರು ತಮ್ಮನ್ನು ರೌಡಿಗಳು ಅಂದುಕೊಂಡಿರಲಿಲ್ಲ. ಊರಿನ ಮಕ್ಕಳನ್ನು ಕಾಯುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದರು.

ನನ್ನ ಹೆಂಡತಿಯ ಅಣ್ಣ ವಕೀಲರು. ಭಾನುವಾರ ಊಟಕ್ಕೆ ಬಂದಿದ್ದಾಗ ಗಸ್ತಿನ ಕತೆ ಹೇಳಿದೆ. ಊಟದ ಎಲೆ ಎತ್ತುವುದರೊಳಗೆ ಅವರು ನಮ್ಮ ಬೀದಿಯ ಅರ್ಧ ಜನರ ಮೇಲೆ ಕೇಸು ಹಾಕಿ ಮುಗಿಸಿದ್ದರು.

"ಮಚ್ಚು ಹಿಡಿದು ರಾತ್ರಿ ಎರಡಕ್ಕೆ ಓಡಾಡಿದ್ರೆ ಹೊಯ್ಸಳ ಗಸ್ತುಗಾಡಿ ಪೊಲೀಸರು ಮೊದಲು ನಿಮ್ಮನ್ನೇ ಕೂರಿಸ್ಕೊಂಡು ಹೋಗ್ತಾರೆ. ಕಾಯಿ ಕೆತ್ತಕ್ಕೆ ಅಂದ್ರೆ ನಂಬ್ತಾರಾ?"

"ಹಾಗಾದ್ರೆ ಪಕ್ಕದ ಮನೆಗೆ ಕಳ್ಳ ನುಗ್ಗಿದ್ರೆ ನೋಡ್ಕೊಂಡು ಸುಮ್ನೆ ಇರಬೇಕಾ ಭಾವ?"

"ಯಾರು ಹೇಳಿದ್ದು? ಕಾನೂನು ಹಾಗೆ ಹೇಳೋದೇ ಇಲ್ಲ."

ಇಲ್ಲಿ ನನಗೆ ಗೊತ್ತಿಲ್ಲದ ವಿಷಯ ತುಂಬಾ ಇತ್ತು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಗೆ ಸಂಬಂಧಿಸಿದ್ದು. ಅಲ್ಲಿ ನಿಮ್ಮ ಮೈ, ನಿಮ್ಮ ಸ್ವತ್ತು ಮಾತ್ರ ಅಂತಿಲ್ಲ. ಬೇರೆ ಯಾರದೇ ಮೈ, ಯಾರದೇ ಸ್ವತ್ತಾದರೂ ರಕ್ಷಿಸುವ ಹಕ್ಕು ನಿಮಗಿದೆ. ಅಜ್ಜಿಯ ಕುತ್ತಿಗೆಗೆ ಕೈ ಹಾಕಿದವನನ್ನು ತಡೆಯಬಹುದು, ತಳ್ಳಬಹುದು, ಅಗತ್ಯ ಇದ್ದಷ್ಟು ಹೊಡೆಯಲೂಬಹುದು. ಜೀವಕ್ಕೆ ಅಪಾಯ, ಭಾರೀ ಗಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಇಂಥ ಸಂದರ್ಭದಲ್ಲಿ ಎದುರಾಳಿಯ ಪ್ರಾಣ ಹೋದರೂ ಕಾನೂನು ನಿಮ್ಮ ಪರ ನಿಲ್ಲಬಹುದು. ದರೋಡೆ, ಸೂರ್ಯ ಮುಳುಗಿದ ಮೇಲೆ ಬಾಗಿಲು ಮುರಿದು ನುಗ್ಗುವುದು, ಇವೂ ಆ ಪಟ್ಟಿಯಲ್ಲಿವೆ.

"ಆದ್ರೆ ಎರಡು ಗೆರೆ ಇದೆ" ಎಂದರು ಭಾವ. ಪೊಲೀಸರನ್ನು ಕರೆಯಲು ಸಮಯ ಇದ್ದರೆ ಆ ಹಕ್ಕು ಇಲ್ಲ. ತಡೆಯಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹೊಡೆದರೂ ಇಲ್ಲ. ಮನೆ ಮುರಿದು ನುಗ್ಗಿದವನ ವಿಷಯದಲ್ಲಿ ಅವನು ಒಳಗೆ ಇರುವವರೆಗೆ ಮಾತ್ರ ಆ ಹಕ್ಕು. ಕಾಂಪೌಂಡ್ ಹಾರಿ ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಮಾರನೇ ದಿನ ಪೇಪರಿನಲ್ಲಿ ಆರೋಪಿ ಅಂತ ಬರುವುದು ನಿಮ್ಮ ಹೆಸರು. ಹಿಡಿದುಹಾಕುವುದಕ್ಕೂ ಅಷ್ಟೆ. ಕಣ್ಣೆದುರೇ ಜಾಮೀನು ಸಿಗದ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ಜನರೂ ಹಿಡಿಯಬಹುದು. ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ವಿಡಿಯೋ ಮಾಡುವುದು ಅದರಲ್ಲಿ ಸೇರಿಲ್ಲ.

ನಮ್ಮ ಬೀದಿಯ ಹೆಂಗಸರು ಒಟ್ಟಿಗೆ ಪೆಪ್ಪರ್ ಸ್ಪ್ರೇ ತರಿಸಿಕೊಂಡಿದ್ದರು. ಅದರಲ್ಲೇನು ತೊಂದರೆ ಅಂದುಕೊಂಡಿದ್ದೆ. 2024ರಲ್ಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಅದನ್ನೂ ಅಪಾಯಕಾರಿ ಆಯುಧವಾಗಿ ನೋಡಿತ್ತು, ಜೀವಕ್ಕೆ ಅಪಾಯವಿಲ್ಲದ ಕಡೆ ಬಳಸಿದ್ದನ್ನು ಆತ್ಮರಕ್ಷಣೆ ಅನ್ನಲಾಗದು ಅಂದಿತ್ತು ಎಂದು ಭಾವ ಹೇಳಿದಾಗ ನನ್ನ ಹೆಂಡತಿ ತನ್ನ ಬ್ಯಾಗಿನ ಕಡೆ ಒಮ್ಮೆ ನೋಡಿದಳು.

ಇಷ್ಟೆಲ್ಲ ಕೇಳಿದ ಮೇಲೂ ನಾನು ಅರ್ಜಿ ಹಾಕಿದೆ. ಬೀದಿಯವರು ಕೇಳಿದ್ದಾರೆ ಎನ್ನುವುದು ಒಂದು. ಅಪ್ಪಯ್ಯನ ಕೋವಿ ಬೇರೆಯವರ ಪಾಲಾಗಬಾರದು ಎನ್ನುವ ಆಸೆ ಇನ್ನೊಂದು.

ಬೆಂಗಳೂರಿನಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು. ಊರ ಕಡೆ ಜಿಲ್ಲಾಧಿಕಾರಿ. ಹಾಗಾಗಿ ನನ್ನ ಕೋವಿಗೆ ಎರಡು ಕಚೇರಿಗಳ ಒಪ್ಪಿಗೆ ಬೇಕಾಯಿತು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಒಂದು ದಾರಿ ಇದೆ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಮಾತ್ರ ಅಂತಲ್ಲ. ಅವರಿಗೆ ಎಪ್ಪತ್ತು ವರ್ಷ ಆಗಿದ್ದರೆ, ಅಥವಾ ಕೋವಿ ಇಪ್ಪತ್ತೈದು ವರ್ಷ ಅವರ ಹತ್ತಿರ ಇದ್ದರೆ, ಬದುಕಿದ್ದಾಗಲೇ ಮಕ್ಕಳ ಹೆಸರಿಗೆ ಅರ್ಜಿ ಹಾಕಬಹುದು. ತಮ್ಮನಿಂದ, ತಂಗಿಯಿಂದ ಆಕ್ಷೇಪಣೆ ಇಲ್ಲ ಅಂತ ಅಫಿಡವಿಟ್ ತಂದೆ. ತಂಗಿ ಸಹಿ ಹಾಕುವ ಮೊದಲು, "ಕೋವಿ ನಿನಗೆ, ಅಮ್ಮನ ಅವಲಕ್ಕಿ ಸರ ನನಗೆ" ಅಂತ ಬಾಯಿಮಾತಿನಲ್ಲಿ ಬರೆಸಿಕೊಂಡಳು.

ಅಪ್ಪಯ್ಯನನ್ನು ಒಪ್ಪಿಸುವುದು ಸ್ವಲ್ಪ ಕಷ್ಟವಾಯಿತು. ಅವರು ಹಂದಿಗೆ ಗುರಿಯಿಟ್ಟವರಲ್ಲ. ರಾತ್ರಿ ತೋಟಕ್ಕೆ ಹಂದಿ ನುಗ್ಗಿದ ಸದ್ದಾದರೆ ಅಂಗಳದಲ್ಲಿ ನಿಂತು ಒಂದು ಈಡು ಹೊಡೆಯುತ್ತಿದ್ದರು. ಅಷ್ಟೇ. ಸದ್ದಿಗೆ ಓಡಿಹೋಗುತ್ತಿದ್ದವು. ಮಂಗಗಳಂತೂ ಕೋವಿ ಹೊರಗೆ ಬಂದಿದ್ದು ನೋಡಿಯೇ ಜಾಗ ಬಿಡುತ್ತಿದ್ದವು. ನನ್ನ ಕತೆ ಪೂರ್ತಿ ಕೇಳಿ ಅವರು ಹೇಳಿದ್ದು ಇಷ್ಟು: "ನಾನು ಇಲ್ಲಿ ಗುಡ್ಡದ ಕಡೆ ತಿರುಗಿಸಿ ಹೊಡೀತೀನಿ. ನಿಮ್ಮ ಬೀದೀಲಿ ಯಾವ ಕಡೆ ತಿರುಗಿಸ್ತೀಯ ಮಾರಾಯ?"

ನಾನು ಉತ್ತರ ಕೊಡಲಿಲ್ಲ. ಹಳೇ ಲೈಸೆನ್ಸ್ ಪುಸ್ತಕ ತೆಗೆದುಕೊಂಡು ಬಂದೆ.

ಅರ್ಜಿ ಈಗ ಆನ್‌ಲೈನ್‌ನಲ್ಲೇ. ಎನ್‌ಡಾಲ್-ಅಲಿಸ್ ಎಂಬ ಕೇಂದ್ರದ ಪೋರ್ಟಲ್ಲಿನಲ್ಲಿ ಫಾರ್ಮ್ ಎ-1 ತುಂಬಿ, ಪ್ರಿಂಟ್ ತೆಗೆದು, ದಾಖಲೆಗಳ ಕಟ್ಟಿನ ಜೊತೆ ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಗೆ ಕೊಡಬೇಕು. ಸೈಬರ್ ಸೆಂಟರಿನ ಹುಡುಗ ಪಾಸ್‌ಪೋರ್ಟ್ ಅರ್ಜಿ ತುಂಬಿದಷ್ಟೇ ಸಲೀಸಾಗಿ ತುಂಬುತ್ತಾ ಹೋದ. "ಯಾಕೆ ಬೇಕು" ಎಂಬ ಜಾಗಕ್ಕೆ ಬಂದು ನಿಂತ. "ನಮ್ಮ ಬೀದಿಯ ರಕ್ಷಣೆಗೆ ಅಂತ ಹಾಕು" ಅಂದೆ. ಅವನು ನನ್ನ ಮುಖ ನೋಡಿದ. "ಸಾರ್, ಹಾಗೆ ಹಾಕ್ಬೇಡಿ. ರಿಜೆಕ್ಟ್ ಆಗುತ್ತೆ." ಆತ್ಮರಕ್ಷಣೆ, ವಾರಸುದಾರಿಕೆ ಅಂತ ಹಾಕಿಸಿದೆ.

ವೈದ್ಯರ ಸರ್ಟಿಫಿಕೇಟು ಎಸ್-3 ಫಾರ್ಮಿನಲ್ಲಿ. ಕಣ್ಣು, ಕಿವಿ, ಬಿಪಿ ಆಯಿತು. ಮನಸ್ಸಿನ ಆರೋಗ್ಯದ ಪ್ರಶ್ನೆಗಳಿಗೆ ಬಂದಾಗ ಡಾಕ್ಟರು, "ಕೋಪ ಜಾಸ್ತಿ ಬರುತ್ತಾ?" ಎಂದು ಕೇಳಿದರು. ಇನ್‌ಫೆಂಟ್ರಿ ರಸ್ತೆಯಲ್ಲಿ ಪಾರ್ಕಿಂಗ್ ಹುಡುಕಿ ಬಂದವನಿಗೆ ಕೇಳುವ ಪ್ರಶ್ನೆಯೇ ಅದು?

ತರಬೇತಿ ಬಗ್ಗೆ ಸ್ವಲ್ಪ ಹೇಳಬೇಕು. ಎಸ್-1 ಎಂಬ ಸರ್ಟಿಫಿಕೇಟ್ ಬೇಕಾಗುತ್ತದೆ. ಪೊಲೀಸ್ ಇಲಾಖೆಯವರು ನಾಗರಿಕರಿಗೆ ನಡೆಸುವ ಬಂದೂಕು ತರಬೇತಿ ಶಿಬಿರಕ್ಕೆ ಸೇರಿದೆ. ಮೀಸಲು ಪಡೆಯ ಹವಾಲ್ದಾರರೊಬ್ಬರು ಪಾಠ ಮಾಡುತ್ತಿದ್ದರು. ಮೊದಮೊದಲು ಗುಂಡು ಇರಲಿ, ಕೋವಿಯನ್ನು ಮುಟ್ಟಲೂ ಬಿಡಲಿಲ್ಲ. ನಳಿಗೆ ಯಾವತ್ತೂ ನೆಲದ ಕಡೆ ಅಥವಾ ಆಕಾಶದ ಕಡೆ. ಬೆರಳು ಟ್ರಿಗರ್ ಗಾರ್ಡಿನ ಹೊರಗೆ. ಯಾರಾದರೂ ಕೋವಿ ಕೈಗೆ ಕೊಟ್ಟರೆ ಮೊದಲು ಬಿಚ್ಚಿ ನೋಡಬೇಕು, "ಖಾಲಿ ಇದೆ" ಅಂತ ಕೊಟ್ಟವರು ಹೇಳಿದರೂ. "ಮನೇಲಿ ಆದ ಅಪಘಾತದಲ್ಲೆಲ್ಲಾ ಕೋವಿ ಖಾಲೀನೇ ಇತ್ತು ಸ್ವಾಮಿ, ಕೇಳಿ ನೋಡಿ" ಅನ್ನುತ್ತಿದ್ದರು ಅವರು. ರೇಂಜಿನಲ್ಲಿ ಹಗಲು ಬೆಳಕಿನಲ್ಲಿ, ಮಲಗಿಕೊಂಡು, ಅಲುಗಾಡದ ಗುರಿಗೆ ಹೊಡೆದೆವು. ಆದರೂ ನನ್ನ ಪಕ್ಕದವರ ಗುಂಡು ನನ್ನ ಗುರಿಹಲಗೆಗೆ ಬಿತ್ತು. ನನ್ನದು ಎಲ್ಲಿಗೆ ಹೋಯಿತೋ ಹಿಂದಿನ ಮಣ್ಣಿನ ದಿಬ್ಬಕ್ಕೇ ಗೊತ್ತು.

ರಾತ್ರಿ, ನಿದ್ದೆಗಣ್ಣಿನಲ್ಲಿ, ಓಡುತ್ತಿರುವ ಮನುಷ್ಯನಿಗೆ ಹೊಡೆಯುವ ಪಾಠ ಆ ಶಿಬಿರದಲ್ಲಿ ಇರಲಿಲ್ಲ. ಕೇಳಿದ್ದಕ್ಕೆ ಹವಾಲ್ದಾರರು, "ಅದಕ್ಕೆ ನಮಗೆ ವರ್ಷಗಟ್ಟಲೆ ಕಲಿಸ್ತಾರೆ. ಆದ್ರೂ ನಾವು ಒಂದು ಗುಂಡು ಹಾರಿಸಿದ್ರೆ ಲೆಕ್ಕ ಕೊಡಬೇಕು" ಅಂದರು.

ಆಮೇಲೆ ಠಾಣೆಯ ವಿಚಾರಣೆ. ನಿಮ್ಮ ಮೇಲೆ ಕೇಸು ಇದೆಯಾ, ಅಕ್ಕಪಕ್ಕದವರ ಜೊತೆ ಜಗಳ ಇದೆಯಾ, ಕುಡಿಯುತ್ತೀರಾ, ಇದನ್ನೆಲ್ಲ ನೋಡಿ ವರದಿ ಕಳಿಸುತ್ತಾರೆ. ಕಾನ್‌ಸ್ಟೇಬಲ್ ಮನೆಗೆ ಬಂದು ಕೋವಿ ಇಡುವ ಬೀರು ಎಲ್ಲಿದೆ ಅಂತ ನೋಡಿದರು, ಪಕ್ಕದ ಮನೆಯವರನ್ನು ಮಾತಾಡಿಸಿದರು. ಅವರು ನನ್ನನ್ನು ಹೊಗಳಿದ್ದು ಕೇಳಿ ನನಗೇ ಮುಜುಗರ. ಕೊನೆಗೆ ಇನ್‌ಸ್ಪೆಕ್ಟರ್ ಕರೆಸಿಕೊಂಡರು. ಮರ್ಯಾದಸ್ಥರು, ಕೂರಿಸಿ ಮಾತಾಡಿದರು.

"ನಿಮಗೆ ಯಾರಿಂದಾದ್ರೂ ಬೆದರಿಕೆ ಇದೆಯಾ ಸಾರ್?"

"ನನಗಂತಲ್ಲ ಸಾರ್. ನಮ್ಮ ಬೀದಿಯಲ್ಲಿ ಕಳ್ಳತನ ಜಾಸ್ತಿ."

"ಬೀದಿಗೆ ಲೈಸೆನ್ಸ್ ಇಲ್ಲ. ನಿಮಗೆ ಬೇಕಾದ್ರೆ ಹೇಳಿ."

ನಾನು ವಾರಸುದಾರಿಕೆಯ ಕಾಗದ ಮುಂದಿಟ್ಟೆ. ಅವರು ಓದಿ, ತಲೆಯಾಡಿಸಿ, "ಇದು ಸರಿ" ಅಂದರು. ಹೊರಡುವಾಗ ಅವರೇ ಮತ್ತೆ ಕೇಳಿದರು. "ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇಡ್ತೀರಿ ತಾನೆ? ಮಕ್ಕಳಿರೋ ಮನೆ."

"ಹೌದು ಸಾರ್."

"ಮತ್ತೆ ಕಳ್ಳ ಬಂದಾಗ ಎರಡು ಬೀಗ ತೆಗೆಯೋ ಹೊತ್ತಿಗೆ 112ಕ್ಕೆ ಫೋನ್ ಮಾಡಿದ್ರೆ ನಮ್ಮ ಗಾಡಿನೇ ಬಂದಿರುತ್ತೆ. ಊರಿಗೆ ಹೋಗುವಾಗ ಠಾಣೆಗೆ ಹೇಳಿ ಹೋಗೋಕೆ ನಿಮ್ಮ ಬೀದಿಯವರಿಗೆ ಹೇಳಿ. ಬೀಟ್‌ನವರು ಬಂದು ನೋಡ್ತಾರೆ. ಅದಕ್ಕೆ ಯಾವ ಫಾರ್ಮೂ ಬೇಡ."

ನಂತರ ಕಾಯುವುದೇ ಕೆಲಸ. ಅದರಲ್ಲಿ ಬರೆಯುವಂಥದ್ದು ಏನಿಲ್ಲ. ಫೈಲು ಚಿಕ್ಕಮಗಳೂರಿಗೆ ಹೋಯಿತು, ಬಂತು, ಒಂದು ಸಹಿ ಬಿಟ್ಟುಹೋಗಿದೆ ಅಂತ ಮತ್ತೆ ಹೋಯಿತು. ಲೈಸೆನ್ಸ್ ಬಂದಾಗ ಐದು ವರ್ಷಕ್ಕೆ ಬಂತು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಗೆ ಮೊದಲು ಮೂರೇ ವರ್ಷ ಇತ್ತು. ಅದೇ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಕೋವಿ ಇದ್ದದ್ದು ಎರಡಕ್ಕೆ ಇಳಿಯಿತು. ಮಲೆನಾಡಿನ ಎಷ್ಟೋ ಮನೆಗಳವರು ಅಜ್ಜನ ಕಾಲದ ಮೂರನೇ ಕೋವಿಯನ್ನು ಏನು ಮಾಡುವುದು ಅಂತ ತಲೆ ಕೆಡಿಸಿಕೊಂಡಿದ್ದು ಆಗಲೇ.

ಕೋವಿಯನ್ನು ಬಿಚ್ಚಿ, ಕವರಿನಲ್ಲಿಟ್ಟು, ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಕಾರಿನಲ್ಲಿ ತಂದೆ. ಬೀದಿಯವರು ಹೊಸ ಸೊಸೆಯನ್ನು ನೋಡಲು ಬಂದಂತೆ ಬಂದರು. ಒಬ್ಬರು ಸೆಲ್ಫಿ ಕೇಳಿದರು, ಕೊಡಲಿಲ್ಲ. ಮೂಲೆ ಮನೆಯ ಹುಡುಗ, "ಸಾರ್, ರಾತ್ರಿ ಒಂದ್ ಸಲ ಗಾಳೀಲಿ ಢಂ ಅನ್ಸಿ. ಏರಿಯಾಗೆಲ್ಲ ಗೊತ್ತಾಗ್ಲಿ" ಅಂದ. ಸುಮ್ನೆ ಸಂಭ್ರಮಕ್ಕೋ ಬೇಜವಾಬ್ದಾರಿಯಿಂದಲೋ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದನ್ನು ಹೇಳಿದೆ. "ಹಂಗಾದ್ರೆ ಇಟ್ಕೊಂಡು ಏನ್ ಪ್ರಯೋಜನ ಸಾರ್?" ಎಂದ. ನ್ಯಾಯವಾದ ಪ್ರಶ್ನೆ.

ಒಂದು ಸಂಜೆ ಸುಬೇದಾರ್ ಅಂಕಲ್ ಜೊತೆ ತಾರಸಿ ಮೇಲೆ ನಿಂತು ಲೆಕ್ಕ ಹಾಕಿದೆವು. ಹನ್ನೆರಡು ಬೋರಿನ ತೋಟಾದೊಳಗೆ ಇರುವುದು ಚಿಲ್ಲುಗಳು, ಅಂದರೆ ಸಣ್ಣ ಸಣ್ಣ ಗುಂಡುಗಳು. ನಳಿಗೆಯಿಂದ ಹೊರಬಿದ್ದ ಮೇಲೆ ಹರಡುತ್ತಾ ಹೋಗುತ್ತವೆ. ಬೀದಿಯ ಅಗಲ ಮೂವತ್ತು ಅಡಿ. ಎದುರಿಗೆ ಅಜ್ಜಿಯ ಮನೆ, ರಸ್ತೆ ಕಡೆಗೇ ಅವರು ಮಲಗುವ ಕೋಣೆಯ ಕಿಟಕಿ. ಎಡಕ್ಕೆ ಪೇಯಿಂಗ್ ಗೆಸ್ಟ್ ಹುಡುಗಿಯರ ಬಾಲ್ಕನಿ. ಬಲಕ್ಕೆ ಟ್ರಾನ್ಸ್‌ಫಾರ್ಮರ್. "ಅಪ್ಪಯ್ಯ ಕೇಳಿದ್ದೂ ಇದನ್ನೇ" ಅಂದೆ. ಅಂಕಲ್, "ಸೈನ್ಯದಲ್ಲಿ ಮೊದಲು ಕೇಳೋದು ಗುರಿ ಯಾವುದು ಅಂತ ಅಲ್ಲ, ಗುರಿಯ ಹಿಂದೆ ಏನಿದೆ ಅಂತ" ಎಂದರು. ಗುಂಡು ಹೊಡೆಯಬಹುದಾದ ಒಂದು ದಿಕ್ಕೂ ನಮಗೆ ಸಿಗಲಿಲ್ಲ.

ಚುನಾವಣೆಯ ವಿಷಯವನ್ನಂತೂ ಬೀದಿಯವರಿಗೆ ಹೇಳಿರಲೇ ಇಲ್ಲ. ನೀತಿಸಂಹಿತೆ ಬಂದರೆ ಲೈಸೆನ್ಸ್ ಇರುವ ಕೋವಿಗಳನ್ನು ಠಾಣೆಯಲ್ಲಿ ಡೆಪಾಸಿಟ್ ಮಾಡಲು ಹೇಳುತ್ತಾರೆ. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಎಣಿಕೆ ಆಗಿದ್ದು ಜೂನ್ 4ಕ್ಕೆ. ಅಲ್ಲಿಯವರೆಗೆ ಅಪ್ಪಯ್ಯನ ಎರಡು ಕೋವಿಗಳೂ ಠಾಣೆಯಲ್ಲೇ ಇದ್ದವು. ಮಂಗಗಳಿಗೆ ಅದು ಹೇಗೋ ಗೊತ್ತಾಗಿತ್ತು. ಇದನ್ನು ಮುಂದಿನ ಸಭೆಯಲ್ಲಿ ಹೇಳಿದಾಗ ಬಡಾವಣೆ ಸಂಘದ ಕಾರ್ಯದರ್ಶಿಗಳು ಪೆನ್ನು ಕೆಳಗಿಟ್ಟರು. "ಅಂದ್ರೆ ವಿಧಾನಸಭೆ, ಲೋಕಸಭೆ, ಪಾಲಿಕೆ, ಮೂರಕ್ಕೂ ನಮ್ಮ ಕೋವಿ ರಜ?"

ಪಾಲಿಕೆ ಚುನಾವಣೆ ವರ್ಷಗಟ್ಟಲೆ ಆಗಿಲ್ಲವಲ್ಲ, ಅದೊಂದು ಸಮಾಧಾನ ಅಂದೆ. ಯಾರೂ ನಗಲಿಲ್ಲ.

ಅದೇ ಸಭೆಯಲ್ಲಿ ರಾತ್ರಿ ವಾಚ್‌ಮನ್ ಇಡುವುದು ಅಂತ ತೀರ್ಮಾನವಾಯಿತು. ಮೊದಲ ಸಭೆಯಲ್ಲಿ ದುಡ್ಡಿಲ್ಲ ಅಂದವರೇ ಈಗ ಮನೆಗೆ ತಿಂಗಳಿಗೆ ಮುನ್ನೂರು ಅಂದಾಗ ಸುಮ್ಮನಾದರು. ಬಂದೂಕು ಇರುವ ಗಾರ್ಡ್ ಬೇಕು ಅಂತ ಒಬ್ಬರು ಎದ್ದರು. ಬೇಡ, ಸೀಟಿ ಇದ್ದರೆ ಸಾಕು ಅಂದವರು ಬ್ಯಾಂಕ್ ಮ್ಯಾನೇಜರ್. ಹಾಲಿನ ಹುಡುಗನ ಘಟನೆ ಆದ ಮೇಲೆ ಅವರು ಗಸ್ತಿಗೆ ಬಂದಿರಲಿಲ್ಲ. ಬೀಟ್ ಕಾನ್‌ಸ್ಟೇಬಲ್ ನಂಬರನ್ನು ಎಲ್ಲರ ಫ್ರಿಜ್ಜಿನ ಮೇಲೂ ಅಂಟಿಸುವ ಕೆಲಸ ಮೂಲೆ ಮನೆಯ ಹುಡುಗನಿಗೆ ಬಿತ್ತು.

ಕಾರ್ಯದರ್ಶಿಗಳು ರಸೀದಿ ಪುಸ್ತಕ ಹಿಡಿದು ಮನೆಗೆ ಬಂದಾಗ, "ಬೀದಿಗೋಸ್ಕರ ಕೋವಿ ತಂದವನು ನಾನು. ನನಗೇನಾದ್ರೂ ರಿಯಾಯಿತಿ ಇದೆಯಾ ಸಾರ್?" ಎಂದು ಕೇಳಿದೆ.

"ನಿಮ್ಮ ಹತ್ರಾನೇ ಎರಡು ತಿಂಗಳ ಅಡ್ವಾನ್ಸ್ ತಗೋಬೇಕು ಅಂತ ತೀರ್ಮಾನ ಆಗಿದೆ ಸಾರ್" ಅಂದರು ಅವರು. "ಕಾಯೋಕೆ ನಿಮ್ಮ ಮನೇಲಿ ಒಂದು ಸಾಮಾನು ಜಾಸ್ತಿ ಇದೆಯಲ್ಲ."